ಕೊಳೆ ಕಳೆಯದೆ ಬಣ್ಣ ನಿಲ್ಲದು

ಕಲಬುರಗಿಯಿಂದ ಜೇವರ್ಗಿ ಕಡೆಗೆ ಹೊರಟವರಿಗೆ ನಗರದ ಅಂಚಿನಲ್ಲಿ ಕೋಟನೂರ ಸಿಗುತ್ತದೆ. ಇಂಥ ಊರಂಚಿನ ರಸ್ತೆಗಳಲ್ಲಿ ಯಾವುದೇ ಗ್ಯಾರೇಜಿನ ಮುಂದೆ ನಿಂತು ನೋಡಿ. ಕಾರಿನ ಹಿಂದಿನ ಗಾಲಿ ಬಿಚ್ಚಿ, ಸುತ್ತಿಗೆಯಿಂದ ನಾಲ್ಕು ಪೆಟ್ಟು ಕೊಟ್ಟು, ಬ್ರೇಕ್ ಡ್ರಮ್ಮನ್ನು ಎಳೆದು ಹೊರತೆಗೆದಾಗ ಮೊದಲು ಕಾಣುವುದು ಕಪ್ಪು ಪುಡಿ. ಸವೆದ ಲೈನರ್‌ನ ಹಿಟ್ಟು, ಡ್ರಮ್ಮಿನ ಕಬ್ಬಿಣದ ಪುಡಿ, ಸೋರಿದ ಗ್ರೀಸು, ಮಳೆಗಾಲದಲ್ಲಿ ಮೆತ್ತಿದ ಎರೆಮಣ್ಣು ಎಲ್ಲ ಅದರಲ್ಲಿ ಬೆರೆತಿರುತ್ತವೆ. ಶಹಾಬಾದ, ವಾಡಿ, ಸೇಡಂ ಕಡೆಗೆ ದಿನವೂ ಹೋಗಿ ಬರುವ ಗಾಡಿಯಾದರೆ ಸುಣ್ಣಕಲ್ಲಿನ ಬಿಳಿ ದೂಳೂ ಸೇರಿರುತ್ತದೆ. ಬ್ರೇಕಿನ ಕಾವಿಗೆ ಇವೆಲ್ಲ ಬೆಂದು ಒಂದು ಪದರವಾಗಿ ಗಟ್ಟಿಯಾಗಿರುತ್ತವೆ.

ತುಕ್ಕು ಹಿಡಿಯದಂತೆ ಈ ಭಾಗಗಳ ಹೊರಮೈಗೆ ಹೊಸದಾಗಿ ಬಣ್ಣ ಬಳಿಯಬೇಕೆಂದರೆ ಮೊದಲು ಆ ಪದರ ಹೋಗಬೇಕು. ಹೊಸಬನೊಬ್ಬ ಕೊಳೆಯ ಮೇಲೆಯೇ ಬಣ್ಣ ಹೊಡೆದರೆ ಒಂದೆರಡು ತಿಂಗಳಲ್ಲಿ ಅದು ಹಪ್ಪಳದಂತೆ ಏಳುತ್ತದೆ. ಏಳುವಾಗ ಒಂಟಿಯಾಗಿ ಏಳುವುದಿಲ್ಲ, ಕೆಳಗಿನ ತುಕ್ಕನ್ನೂ ಹೊತ್ತುಕೊಂಡೇ ಏಳುತ್ತದೆ. ಅನುಭವಸ್ಥ ಮಿಸ್ತ್ರಿಗಳು ಅರ್ಧ ದಿನದ ಕೆಲಸದಲ್ಲಿ ಹೆಚ್ಚಿನ ಪಾಲನ್ನು ತೊಳೆಯುವುದಕ್ಕೂ ಉಜ್ಜುವುದಕ್ಕೂ ಇಟ್ಟು, ಬಣ್ಣಕ್ಕೆ ಕೊನೆಯ ಅರ್ಧ ಗಂಟೆ ಉಳಿಸಿಕೊಳ್ಳುವುದು ಇದೇ ಕಾರಣಕ್ಕೆ.

ನೋಡುವುದಕ್ಕೆ ಇದು ತೀರ ಸಣ್ಣ ಕೆಲಸ. ಆದರೆ ಲೋಹದ ಮೈ ತೊಳೆದು ಅದಕ್ಕೆ ಹೊಸ ಹೊದಿಕೆ ಹಾಕುವ ವಿದ್ಯೆಗೆ ಮೋಟಾರು ಗಾಡಿಗಿಂತ ಬಹಳ ಹಿಂದಿನ ಚರಿತ್ರೆಯಿದೆ. ಆ ಚರಿತ್ರೆಯನ್ನು ಹಿಂಬಾಲಿಸಿದರೆ ಒಂದು ಸಂಗತಿ ಮತ್ತೆ ಮತ್ತೆ ಎದುರಾಗುತ್ತದೆ. ಹೊದಿಕೆಯ ಹೊಳಪು ಎಲ್ಲರ ಕಣ್ಣಿಗೂ ಬೀಳುತ್ತದೆ, ಅದರ ಕೆಳಗಿನ ಕೊಳೆ ತೆಗೆದವನ ಪಾಡು ಯಾರ ಲೆಕ್ಕಕ್ಕೂ ಬರುವುದಿಲ್ಲ.

ಕಲಾಯಿಯವನು ಕಲಿಸಿದ ಪಾಠ

ಸ್ಟೀಲು, ಅಲ್ಯೂಮಿನಿಯಂ ಪಾತ್ರೆಗಳು ಅಡುಗೆಮನೆ ತುಂಬುವ ಮೊದಲು ತಾಮ್ರ, ಹಿತ್ತಾಳೆಯ ಪಾತ್ರೆಗಳೇ ಮನೆಯ ಆಸ್ತಿ. ಆದರೆ ತಾಮ್ರಕ್ಕೆ ಹುಳಿ ಆಗದು. ಸಾರು, ಮಜ್ಜಿಗೆ, ಹುಣಸೆಹುಳಿ ಯಾವುದು ಕೂತರೂ ಕಿಲುಬು ಏಳುತ್ತದೆ. ಕಿಲುಬೆಂದರೆ ವಿಷ. ಅದಕ್ಕೆ ಪರಿಹಾರವಾಗಿ ಪಾತ್ರೆಯ ಒಳಮೈಗೆ ತವರದ ತೆಳುವಾದ ಹೊದಿಕೆ ಕೊಡುತ್ತಿದ್ದರು. ಇದೇ ಕಲಾಯಿ. ಓಣಿಯಲ್ಲಿ ಕಲಾಯಿಯವನ ಕೂಗು ಕೇಳಿದರೆ ಹೆಣ್ಣುಮಕ್ಕಳು ಹಂಡೆ, ಕೊಡ, ತಪೇಲಿ, ಪರಾತಗಳನ್ನು ಹೊರಗೆ ತಂದಿಡುತ್ತಿದ್ದರು. ಕಲಬುರಗಿಯಂಥ ಊರಿನಲ್ಲಿ ಮನೆಯ ಪಾತ್ರೆಗಳ ಜೊತೆಗೆ ಜಾತ್ರೆ, ಉರುಸು, ಮದುವೆಗಳ ಸಾಮೂಹಿಕ ಅಡುಗೆಗೆ ಬೇಕಾದ ದೊಡ್ಡ ತಾಮ್ರದ ದೇಗುಗಳೂ ಕಲಾಯಿ ಬೇಡುತ್ತಿದ್ದವು.

ನೆಲದಲ್ಲಿ ಸಣ್ಣ ಕುಳಿ ತೋಡಿ, ತಿದಿ ಹೂಡಿ, ಇದ್ದಲು ಹೊತ್ತಿಸಿ ಕೂರುವ ಮೊದಲು ಕಲಾಯಿಯವನ ಜೊತೆಗಾರನಿಗೆ ಬೇರೆಯೇ ಕೆಲಸವಿರುತ್ತಿತ್ತು. ಪಾತ್ರೆಯೊಳಗೆ ಮರಳು, ಬೂದಿ, ಹರಕು ಗೋಣಿತಾಟು ಹಾಕಿ, ಅದರ ಮೇಲೆ ಬರಿಗಾಲಲ್ಲಿ ನಿಂತು, ಗೋಡೆಯನ್ನೋ ಮರವನ್ನೋ ಹಿಡಿದುಕೊಂಡು, ಸೊಂಟವನ್ನು ಎಡಕ್ಕೂ ಬಲಕ್ಕೂ ತಿರುಗಿಸುತ್ತ ಕಾಲಿನಿಂದಲೇ ಪಾತ್ರೆಯ ತಳ ತಿಕ್ಕುತ್ತಿದ್ದ. ಮಕ್ಕಳು ಅದನ್ನು ಕುಣಿತವೆಂದು ನೋಡಿ ನಗುತ್ತಿದ್ದರು. ಹಳೆಯ ಕಲಾಯಿ, ಕರಿ, ಜಿಡ್ಡು ಎಲ್ಲ ಹೋಗಿ ತಾಮ್ರದ ಕೆಂಪು ಕಾಣುವವರೆಗೆ ಆ ಕುಣಿತ ನಿಲ್ಲುವಂತಿರಲಿಲ್ಲ. ಅದಾದ ಮೇಲೆ ಉಪ್ಪು, ಹುಣಸೆಹಣ್ಣು ಅಥವಾ ಆಮ್ಲದ ನೀರಿನಿಂದ ತೊಳೆಯುವ ಸರದಿ.

ಆನಂತರ ಪಾತ್ರೆ ಕೆಂಡದ ಮೇಲೆ ಬರುತ್ತಿತ್ತು. ಬಿಸಿಯಾದ ತಾಮ್ರದ ಮೇಲೆ ಚಿಟಿಕೆ ನವಸಾಗರ ಎರಚಿದೊಡನೆ ಗಪ್ಪನೆ ಬಿಳಿ ಹೊಗೆ ಏಳುತ್ತಿತ್ತು. ಮೂಗಿಗೆ ಘಾಟು ಹೊಡೆಯುತ್ತಿತ್ತು. ತವರದ ಕಡ್ಡಿಯನ್ನು ತಾಗಿಸಿ, ಅರಳೆಯ ಉಂಡೆಯಿಂದ ಸರಸರನೆ ಸವರಿದರೆ ಕ್ಷಣಮಾತ್ರದಲ್ಲಿ ಕೆಂಪು ಪಾತ್ರೆ ಬೆಳ್ಳಿಯಂತೆ ಹೊಳೆಯುತ್ತಿತ್ತು. ನೋಡುವವರಿಗೆ ಇದೇ ಜಾದೂ.

ಈ ಜಾದೂವಿನ ಗುಟ್ಟು ಬಿಳಿ ಹೊಗೆಯಲ್ಲಿದೆ. ತಾಮ್ರವನ್ನು ಎಷ್ಟೇ ತಿಕ್ಕಿದರೂ ಕೆಂಡದ ಮೇಲೆ ಇಟ್ಟ ತಕ್ಷಣ ಗಾಳಿಯ ಆಮ್ಲಜನಕ ತಾಗಿ ಅದರ ಮೇಲೆ ಮತ್ತೆ ತೆಳುವಾದ ಪೊರೆ ಕಟ್ಟುತ್ತದೆ. ನವಸಾಗರ, ಅಂದರೆ ಅಮೋನಿಯಂ ಕ್ಲೋರೈಡ್, ಕಾವಿಗೆ ಒಡೆದು ಅಮೋನಿಯಾ ಮತ್ತು ಹೈಡ್ರೋಕ್ಲೋರಿಕ್ ಆಮ್ಲದ ಅನಿಲಗಳಾಗುತ್ತದೆ. ಆ ಆಮ್ಲ ಪೊರೆಯನ್ನು ತಿಂದುಹಾಕುತ್ತದೆ. ತವರ ಕರಗುವುದು ಸುಮಾರು 232 ಡಿಗ್ರಿ ಸೆಲ್ಸಿಯಸ್‌ನಲ್ಲಿ, ತಾಮ್ರ ಕರಗಬೇಕಾದರೆ 1085 ಡಿಗ್ರಿ ಬೇಕು. ಹೀಗಾಗಿ ಪಾತ್ರೆಗೆ ಏನೂ ಆಗದೆ ತವರ ಮಾತ್ರ ನೀರಾಗುತ್ತದೆ. ಶುದ್ಧ ತಾಮ್ರ ಸಿಕ್ಕರೆ ನೀರಾದ ತವರ ಹಾಳೆಯಂತೆ ಹರಡಿ ಅದರೊಂದಿಗೆ ಬೆಸೆದುಕೊಳ್ಳುತ್ತದೆ. ಜಿಡ್ಡೋ ಪೊರೆಯೋ ಉಳಿದಿದ್ದರೆ ಕೆಸುವಿನ ಎಲೆಯ ಮೇಲಿನ ನೀರಿನಂತೆ ಗುಂಡುಗುಂಡಾಗಿ ಉರುಳುತ್ತದೆ.

ಇಂದಿನ ಬಣ್ಣದ ಕಾರ್ಖಾನೆಗಳು ಲೋಹದ ಮೈ ಶುದ್ಧವಾಗಿದೆಯೇ ಎಂದು ತಿಳಿಯಲು ಅದರ ಮೇಲೆ ನೀರು ಸುರಿದು ನೋಡುತ್ತವೆ. ನೀರು ಒಂದೇ ಪರದೆಯಾಗಿ ಹರಿದರೆ ಮೈ ಶುದ್ಧ, ಹನಿಹನಿಯಾಗಿ ಒಡೆದರೆ ಎಣ್ಣೆ ಉಳಿದಿದೆ ಎಂದರ್ಥ. ಕಲಾಯಿಯವನು ತವರದಿಂದ ಮಾಡುತ್ತಿದ್ದ ಪರೀಕ್ಷೆಯೂ ಇದೇ.

ನವಸಾಗರದ ನಂಟು

ನವಸಾಗರದ ಕತೆ ಇಷ್ಟಕ್ಕೇ ಮುಗಿಯುವುದಿಲ್ಲ. ಸಂಸ್ಕೃತದ ರಸಶಾಸ್ತ್ರ ಗ್ರಂಥಗಳು ಇದನ್ನು ನವಸಾರ ಎಂದು ಕರೆದು, ಇಟ್ಟಿಗೆ ಸುಡುವ ಭಟ್ಟಿಯಲ್ಲಿ ಹುಟ್ಟುವ ಉಪ್ಪೆಂದು ಹೇಳುತ್ತವೆ. ಇಂದಿನ ಹರಿಯಾಣದ ಕರ್ನಾಲ್ ಸೀಮೆಯಲ್ಲಿ ಕುಂಬಾರರು ಹೀಗೆಯೇ ಭಟ್ಟಿಯಿಂದ ಅದನ್ನು ತೆಗೆದು ಮಾರುತ್ತಿದ್ದುದು 19ನೇ ಶತಮಾನದ ದಾಖಲೆಗಳಲ್ಲಿದೆ.

ಕಲಬುರಗಿಯ ನೆರೆಯ ಬೀದರಿನಲ್ಲಿ ಇದೇ ಉಪ್ಪಿಗೆ ಇನ್ನೊಂದು ಬಗೆಯ ಕೆಲಸ ಸಿಕ್ಕಿತು. 1347ರಲ್ಲಿ ಕಲಬುರಗಿಯಲ್ಲಿ ನೆಲೆಯೂರಿದ ಬಹಮನಿ ರಾಜ್ಯದ ರಾಜಧಾನಿ 15ನೇ ಶತಮಾನದಲ್ಲಿ ಬೀದರಿಗೆ ಹೋಯಿತು. ಆ ಊರಿನ ಹೆಸರು ಹೊತ್ತ ಬಿದರಿ ಕಲೆಯಲ್ಲಿ ಹೆಚ್ಚು ಪಾಲು ಸತು, ಸ್ವಲ್ಪ ತಾಮ್ರ ಬೆರೆಸಿದ ಎರಕದ ಪಾತ್ರೆಯನ್ನು ಮೊದಲು ಅರದಿಂದ ಉಜ್ಜಿ ನುಣುಪು ಮಾಡುತ್ತಾರೆ. ಕೊರೆಯುವ ಗೆರೆ ಕಾಣಲೆಂದು ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪಾಗಿಸುತ್ತಾರೆ. ಕೊರೆದ ಗೆರೆಗಳಲ್ಲಿ ಬೆಳ್ಳಿ ಕೂರಿಸಿದ ಮೇಲೆ ಆ ಕಪ್ಪನ್ನು ತೆಗೆದು ಮತ್ತೆ ಶುಚಿ ಮಾಡುತ್ತಾರೆ. ಕೊನೆಗೆ ಕೋಟೆಯ ಹಳೆಯ ಮಣ್ಣಿಗೆ ನವಸಾಗರ ಬೆರೆಸಿದ ಲೇಪದಿಂದ ಉಜ್ಜಿದಾಗ ಸತುವಿನ ಮೈ ಶಾಶ್ವತವಾಗಿ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಇಲ್ಲಿಯೂ ಎರಡು ಸಲ ಶುಚಿ ಮಾಡಿದ ಮೇಲೆಯೇ ಕೊನೆಯ ಬಣ್ಣ.

ಯೂರೋಪಿನಲ್ಲಿಯೂ ನವಸಾಗರ ಇದೇ ದಾರಿಯಲ್ಲಿ ಸಾಗಿತು. ಕಬ್ಬಿಣವನ್ನು ಕರಗಿದ ಸತುವಿನಲ್ಲಿ ಅದ್ದಿ ತುಕ್ಕಿನಿಂದ ಉಳಿಸಬಹುದೆಂದು ಫ್ರೆಂಚ್ ರಸಾಯನಜ್ಞ ಪಾಲ್ ಜಾಕ್ ಮಾಲುವಿನ್ 1742ರಲ್ಲಿ ಅಲ್ಲಿನ ವಿಜ್ಞಾನ ಅಕಾಡೆಮಿಗೆ ತಿಳಿಸಿದ. ಸುಮಾರು ನೂರು ವರ್ಷದ ಬಳಿಕ, 1830ರ ದಶಕದಲ್ಲಿ, ಸ್ಟಾನಿಸ್ಲಾಸ್ ಸೊರೆಲ್ ಎಂಬ ಎಂಜಿನಿಯರ್ ಇದಕ್ಕೆ ಪೇಟೆಂಟ್ ಪಡೆದ. ಕಬ್ಬಿಣವನ್ನು ಮೊದಲು ಗಂಧಕಾಮ್ಲದ ನೀರಿನಲ್ಲಿ ತೊಳೆಯುವುದು, ನವಸಾಗರ ತಾಗಿಸುವುದು, ಆಮೇಲೆ ಸತುವಿನಲ್ಲಿ ಅದ್ದುವುದು, ಇದು ಅವನ ಕ್ರಮ. ನಮ್ಮ ಮನೆಗಳ ತಗಡಿನ ಬಕೆಟ್ಟು, ಮಾಡಿನ ಜಿಂಕ್ ಶೀಟು ಬಂದದ್ದು ಈ ಹಾದಿಯಿಂದ. ಓಣಿಯ ಕಲಾಯಿಯವನಿಗೂ ಪ್ಯಾರಿಸಿನ ಎಂಜಿನಿಯರನಿಗೂ ಪರಸ್ಪರ ಪರಿಚಯವಿರಲಿಲ್ಲ. ಇಬ್ಬರನ್ನೂ ಲೋಹವೇ ಒಂದೇ ತೀರ್ಮಾನಕ್ಕೆ ತಂದಿತ್ತು.

ಗಾಡಿ ಬಂತು, ಬ್ರೇಕೂ ಬಂತು

ಆಗಿನ ಗುಲ್ಬರ್ಗ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. 1932ರಲ್ಲಿ ನಿಜಾಮ್ ಸ್ಟೇಟ್ ರೈಲ್ವೆಯ ಅಂಗವಾಗಿ ಸರ್ಕಾರಿ ಬಸ್ ಇಲಾಖೆ ಶುರುವಾದಾಗ ಇಡೀ ಸಂಸ್ಥಾನಕ್ಕೆ ಅದರ ಬಳಿ ಇದ್ದದ್ದು 27 ಬಸ್ಸು, 166 ಸಿಬ್ಬಂದಿ. 1956ರ ನವೆಂಬರ್ 1ರಂದು ಈ ಭಾಗ ಮೈಸೂರು ರಾಜ್ಯಕ್ಕೆ ಸೇರಿತು. 1961ರಲ್ಲಿ ರಾಜ್ಯ ರಸ್ತೆ ಸಾರಿಗೆ ನಿಗಮ ಸ್ಥಾಪನೆಯಾಯಿತು. 2000ದಲ್ಲಿ ಕಲಬುರಗಿಯನ್ನೇ ಕೇಂದ್ರವಾಗಿಟ್ಟುಕೊಂಡು ಈಶಾನ್ಯ ಕರ್ನಾಟಕ ಸಾರಿಗೆ ನಿಗಮ ಬೇರೆಯಾಯಿತು, 2021ರಲ್ಲಿ ಅದಕ್ಕೆ ಕಲ್ಯಾಣ ಕರ್ನಾಟಕದ ಹೆಸರು ಬಂತು. ಬಸ್ಸಿನ ಹಿಂದೆಯೇ ಲಾರಿ, ಜೀಪು, ಅಂಬಾಸಿಡರ್ ಕಾರು ಬಂದವು. ಅವುಗಳ ಜೊತೆಗೆ ಬ್ರೇಕು ಬಿಚ್ಚುವ, ತೊಳೆಯುವ, ಕೂರಿಸುವ ಹೊಸ ಕಸುಬೂ ಬಂತು.

ಎತ್ತಿನ ಗಾಡಿಯ ಗಾಲಿಗೆ ಮರದ ತುಂಡು ಒತ್ತಿ ನಿಲ್ಲಿಸುವುದು ರೈತರಿಗೆ ಗೊತ್ತಿದ್ದ ವಿದ್ಯೆಯೇ. ಇಂಗ್ಲೆಂಡಿನ ಡರ್ಬಿಶೈರ್‌ನಲ್ಲಿ ಗಾಡಿ ಹೊಡೆಯುವವರು ಇಳಿಜಾರಿನಲ್ಲಿ ಹಳೆಯ ಬೂಟನ್ನು ಗಾಲಿಗೆ ಒತ್ತಿ ವೇಗ ತಗ್ಗಿಸುವುದನ್ನು ಕಂಡ ಹರ್ಬರ್ಟ್ ಫ್ರೂಡ್ ಎಂಬಾತ 1897ರಲ್ಲಿ ಉತ್ತಮ ಬ್ರೇಕ್ ತುಂಡುಗಳನ್ನು ಮಾಡಲು ತೊಡಗಿದ ಎಂದು ಹೇಳುತ್ತಾರೆ. 1902ರಲ್ಲಿ ಫ್ರಾನ್ಸಿನ ಲೂಯಿ ರೆನೊ ಇಂದಿನ ಮಾದರಿಯ ಡ್ರಮ್ ಬ್ರೇಕ್ ರೂಪಿಸಿದ. ಅದೇ ವರ್ಷ ಇಂಗ್ಲೆಂಡಿನ ಫ್ರೆಡರಿಕ್ ಲಾಂಚೆಸ್ಟರ್ ಡಿಸ್ಕ್ ಬ್ರೇಕಿಗೆ ಪೇಟೆಂಟ್ ಪಡೆದ. ಆತ ಡಿಸ್ಕಿಗೆ ಒತ್ತಲು ಬಳಸಿದ್ದು ತಾಮ್ರ. ಅದು ಬೇಗ ಸವೆಯುತ್ತಿತ್ತು, ಕಿವಿಗಡಚಿಕ್ಕುವಂತೆ ಕಿರುಚುತ್ತಿತ್ತು.

ಈ ಕಿರುಚಾಟಕ್ಕೂ ಸವೆತಕ್ಕೂ ಸಿಕ್ಕ ಉತ್ತರ ಆಸ್ಬೆಸ್ಟಾಸ್, ಕನ್ನಡದಲ್ಲಿ ಕಲ್ನಾರು. ಬೆಂಕಿಗೆ ಸುಡದ, ನೂಲಿನಂತೆ ನೇಯಬಹುದಾದ ಈ ಖನಿಜ 20ನೇ ಶತಮಾನದ ಮೊದಲ ದಶಕದಲ್ಲಿ ಫ್ರೂಡ್‌ನ ಬ್ರೇಕ್ ಲೈನರ್‌ಗೆ ಬಂತು. ಮುಂದೆ ಬಹುಕಾಲ ಜಗತ್ತಿನ ಬಹುಪಾಲು ಗಾಡಿಗಳು ನಿಂತದ್ದು ಅದರ ಬಲದಿಂದಲೇ. ಅಲ್ಲಿಗೆ ಬ್ರೇಕಿನ ಕೊಳೆಯೂ ಬದಲಾಯಿತು. ಕಲಾಯಿಯವನ ಪಾತ್ರೆಯಲ್ಲಿದ್ದದ್ದು ಕರಿ, ಜಿಡ್ಡು. ಡ್ರಮ್ಮಿನಲ್ಲಿ ಕೂತದ್ದು ಕಲ್ನಾರಿನ ಹಿಟ್ಟು.

ಹವಾ ಹೊಡೆದರೆ ಹಾರುವುದೇನು?

ಗ್ಯಾರೇಜಿನಲ್ಲಿ ಡ್ರಮ್ ಶುಚಿ ಮಾಡುವ ಅತಿ ಸುಲಭದ ದಾರಿ ಹವಾ ಹೊಡೆಯುವುದು. ಟೈರಿಗೆ ಗಾಳಿ ತುಂಬುವ ಕಂಪ್ರೆಸರ್ ಪೈಪು ಹಿಡಿದರೆ ಒಂದು ನಿಮಿಷದಲ್ಲಿ ಪುಡಿಯೆಲ್ಲ ಹಾರಿಹೋಗುತ್ತದೆ. ಹೋಗುವುದು ಡ್ರಮ್ಮಿನಿಂದ ಮಾತ್ರ. ಅದು ಹಿಡಿದವನ ಮೂಗು, ಬಟ್ಟೆ, ತಲೆಗೂದಲು, ಪಕ್ಕದಲ್ಲಿಟ್ಟ ಚಹಾದ ಲೋಟ, ಎಲ್ಲದರ ಮೇಲೂ ಇಳಿಯುತ್ತದೆ.

ಕಲ್ನಾರಿನ ದೂಳು ಕೆಟ್ಟದ್ದೆಂಬ ಅನುಮಾನ ಹೊಸದೇನಲ್ಲ. 1898ರಲ್ಲಿಯೇ ಬ್ರಿಟನ್ನಿನ ಮಹಿಳಾ ಕಾರ್ಖಾನೆ ಇನ್ಸ್‌ಪೆಕ್ಟರ್ ಲೂಸಿ ಡೀನ್ ಆ ದೂಳಿನ ಬಗ್ಗೆ ವರದಿಯಲ್ಲಿ ಎಚ್ಚರಿಸಿದ್ದರು. 1924ರಲ್ಲಿ ರಾಚ್‌ಡೇಲ್‌ನಲ್ಲಿ ಕಲ್ನಾರು ನೂಲುವ ಕೆಲಸ ಮಾಡಿದ್ದ ನೆಲ್ಲಿ ಕೆರ್ಶಾ ಎಂಬಾಕೆ 33ನೇ ವಯಸ್ಸಿಗೇ ತೀರಿಕೊಂಡರು. ಅವರ ಶ್ವಾಸಕೋಶ ಪರೀಕ್ಷಿಸಿದ ಡಾ. ಕುಕ್ ಬರೆದ ಲೇಖನ ಆ ರೋಗವನ್ನು ವೈದ್ಯಲೋಕದ ಮುಂದಿಟ್ಟಿತು. ಮುಂದೆ ಅದಕ್ಕೆ ಆಸ್ಬೆಸ್ಟೋಸಿಸ್ ಎಂಬ ಹೆಸರಾಯಿತು. 1931ರಲ್ಲಿ ಬ್ರಿಟನ್ ಕಾರ್ಖಾನೆಗಳಿಗೆ ದೂಳು ನಿಯಂತ್ರಣದ ನಿಯಮ ತಂದಿತು. ಕಲ್ನಾರಿನಿಂದ ಕ್ಯಾನ್ಸರ್ ಬರುತ್ತದೆಂಬುದು ಆಮೇಲೆ ಖಚಿತವಾಯಿತು. ರೋಗ ಕಾಣಿಸಿಕೊಳ್ಳಲು ಹತ್ತಾರು ವರ್ಷ ಬೇಕು. ಇಪ್ಪತ್ತರ ಹರೆಯದಲ್ಲಿ ಉಸಿರಾಡಿದ ದೂಳಿನ ಬೆಲೆ ಅರವತ್ತರಲ್ಲಿ ತೆರಬೇಕಾಗುತ್ತದೆ. ಅಷ್ಟರಲ್ಲಿ ಆ ಗ್ಯಾರೇಜೂ ಇರುವುದಿಲ್ಲ, ಮಾಲೀಕನೂ ಇರುವುದಿಲ್ಲ.

ಒಂದು ಮಾತನ್ನು ನ್ಯಾಯವಾಗಿ ಹೇಳಬೇಕು. ಬ್ರೇಕಿನ ಕಾವಿಗೆ ಲೈನರ್‌ನ ಕಲ್ನಾರಿನಲ್ಲಿ ಹೆಚ್ಚಿನ ಪಾಲು ಬೇರೆ ಖನಿಜವಾಗಿ ಮಾರ್ಪಡುತ್ತದೆ. ಹೀಗಾಗಿ ಡ್ರಮ್ಮಿನ ಪುಡಿಯಲ್ಲಿ ಉಳಿಯುವ ನಾರು ಕಡಿಮೆ. ಆದರೆ ಹೊಸ ಲೈನರ್‌ನ ಅಂಚು ಉಜ್ಜುವಾಗ, ತೂತು ಕೊರೆಯುವಾಗ ಏಳುವ ದೂಳಿಗೆ ಈ ವಿನಾಯಿತಿಯಿಲ್ಲ. ಇಷ್ಟರವರೆಗೆ ಅಪಾಯವಿಲ್ಲ ಎಂದು ಗೆರೆ ಎಳೆಯಲು ಆಧಾರವಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದಕ್ಕಾಗಿಯೇ 1994ರಲ್ಲಿ ಅಮೆರಿಕ ತನ್ನ ಗ್ಯಾರೇಜುಗಳಿಗೆ ಸ್ಪಷ್ಟ ಕ್ರಮ ಗೊತ್ತುಮಾಡಿತು. ಬ್ರೇಕಿನ ಪುಡಿಯನ್ನು ಹವಾ ಹೊಡೆದು ಹಾರಿಸಕೂಡದು. ವಿಶೇಷ ಸೋಸುಕವಿರುವ ವ್ಯಾಕ್ಯೂಮ್‌ನಿಂದ ಎಳೆಯಬೇಕು, ಇಲ್ಲವೆ ಸೋಪಿನ ನೀರನ್ನು ಮೆಲ್ಲನೆ ಹರಿಸಿ ತೋಯಿಸಿ ತೊಳೆಯಬೇಕು.

ನಮ್ಮ ದೇಶದಲ್ಲಿ 1995ರ ಜನವರಿ 27ರಂದು ಸುಪ್ರೀಂ ಕೋರ್ಟ್ ಕಲ್ನಾರು ಕಾರ್ಮಿಕರ ಬಗ್ಗೆ ಮಹತ್ವದ ತೀರ್ಪು ಕೊಟ್ಟಿತು. ಕಾರ್ಮಿಕನ ಆರೋಗ್ಯದ ಹಕ್ಕು ಸಂವಿಧಾನದ 21ನೇ ವಿಧಿ ನೀಡಿದ ಬದುಕುವ ಹಕ್ಕಿನ ಭಾಗ ಎಂದು ಸಾರಿತು. ಪ್ರತಿಯೊಬ್ಬನ ಆರೋಗ್ಯ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ ಅಥವಾ ಕೆಲಸ ಬಿಟ್ಟ ಮೇಲೆ 15 ವರ್ಷ, ಯಾವುದು ತಡವೋ ಅಲ್ಲಿಯವರೆಗೆ, ಇಡಬೇಕೆಂದು ಆದೇಶಿಸಿತು. ಆದರೆ ಇದು ಮುಟ್ಟಿದ್ದು ಕಾರ್ಖಾನೆಗಳನ್ನು. 1948ರ ಕಾರ್ಖಾನೆಗಳ ಕಾಯ್ದೆಯ ರೋಗಪಟ್ಟಿಯಲ್ಲಿ ಆಸ್ಬೆಸ್ಟೋಸಿಸ್ ಹೆಸರಿತ್ತು. ಆದರೆ ವಿದ್ಯುತ್ ಬಳಸುವ ಕಡೆ 10 ಅಥವಾ ಹೆಚ್ಚು ಮಂದಿ ದುಡಿಯುವ ಜಾಗಗಳಿಗೆಂದು ಮಾಡಿದ ಕಾಯ್ದೆ ಅದು. ರಸ್ತೆ ಬದಿಯಲ್ಲಿ ತಗಡಿನ ಶೆಡ್ಡು ಹಾಕಿ, ಒಬ್ಬ ಮಿಸ್ತ್ರಿ, ಇಬ್ಬರು ಹುಡುಗರು ದುಡಿಯುವ ಗ್ಯಾರೇಜು ಅದರ ಕಣ್ಣಿಗೆ ಬೀಳಲೇ ಇಲ್ಲ.

ಹೊಸ ಕಾರುಗಳ ಬ್ರೇಕುಗಳಲ್ಲಿ ಈಗ ಸಾಮಾನ್ಯವಾಗಿ ಕಲ್ನಾರಿಲ್ಲದ ಲೈನರ್‌ಗಳಿವೆ. ಬ್ರಿಟನ್ 1999ರಲ್ಲಿ ಬಿಳಿ ಕಲ್ನಾರನ್ನೂ ನಿಷೇಧಿಸಿತು. ಯೂರೋಪಿನ ಒಕ್ಕೂಟದಲ್ಲಿ 2005ರಿಂದ ನಿಷೇಧವಿದೆ. ಅಮೆರಿಕ 2024ರಲ್ಲಿ, ಮಾರುಕಟ್ಟೆಯ ಬಿಡಿ ಬ್ರೇಕ್ ಭಾಗಗಳೂ ಸೇರಿದಂತೆ, ಉಳಿದ ಬಳಕೆಗಳನ್ನು ನಿಲ್ಲಿಸುವ ನಿಯಮ ತಂದಿತು. ಭಾರತದಲ್ಲಿ ಬಿಳಿ ಕಲ್ನಾರಿನ ಬಳಕೆಗೆ ಪೂರ್ಣ ನಿಷೇಧವಿಲ್ಲ. ಹಳೆಯ ಗಾಡಿಯ ಡ್ರಮ್ಮಿನಲ್ಲಿ ಇರುವ ಪುಡಿ ಯಾವುದೆಂದು ಕಣ್ಣಿನಿಂದ ಹೇಳಲು ಬರುವುದಿಲ್ಲ. ಎಲ್ಲವೂ ಒಂದೇ ಕಪ್ಪು.

ತೊಳೆಯುವ ನೀರೇ ವಿಷವಾದಾಗ

ಪುಡಿ ಹೋದ ಮೇಲೂ ಜಿಡ್ಡು ಉಳಿಯುತ್ತದೆ. ಅದಕ್ಕೆ ನಮ್ಮ ಗ್ಯಾರೇಜುಗಳಲ್ಲಿ ಬಹುಕಾಲದಿಂದ ಇರುವ ಮದ್ದು ಸೀಮೆಎಣ್ಣೆ, ಇಲ್ಲವೆ ಪೆಟ್ರೋಲು. ಬೆಂಕಿಯ ಭಯ ಎಲ್ಲರಿಗೂ ಗೊತ್ತು. ಹೆಚ್ಚು ಜನಕ್ಕೆ ಗೊತ್ತಿಲ್ಲದ್ದು ರಬ್ಬರಿನ ಕತೆ. ಬ್ರೇಕಿನ ಸಿಲಿಂಡರುಗಳಲ್ಲಿ ಇರುವ ರಬ್ಬರ್ ವಾಶರುಗಳು ಸೀಮೆಎಣ್ಣೆ, ಪೆಟ್ರೋಲು, ಎಂಜಿನ್ ಆಯಿಲ್ ತಾಗಿದರೆ ಉಬ್ಬುತ್ತವೆ. ಉಬ್ಬಿದ ರಬ್ಬರು ಸಿಲಿಂಡರಿನಲ್ಲಿ ಸಿಕ್ಕಿಕೊಂಡರೆ ಬ್ರೇಕು ಹಿಡಿದದ್ದು ಬಿಡದು, ಇಲ್ಲವೆ ಸೋರುತ್ತ ಹಿಡಿಯುವುದನ್ನೇ ಬಿಡುತ್ತದೆ. ನಾವು ಬ್ರೇಕ್ ಆಯಿಲ್ ಎನ್ನುವ ದ್ರವ ಸಾಮಾನ್ಯವಾಗಿ ಎಣ್ಣೆಯೇ ಅಲ್ಲ, ಗ್ಲೈಕಾಲ್ ಜಾತಿಯ ರಾಸಾಯನಿಕ. ಅದು ರಬ್ಬರಿಗೆ ಹಿತ, ಬಣ್ಣಕ್ಕೆ ವೈರಿ. ಹೊಸದಾಗಿ ಬಳಿದ ಭಾಗದ ಮೇಲೆ ನಾಲ್ಕು ಹನಿ ಬಿದ್ದರೂ ಬಣ್ಣ ಸುಕ್ಕುಗಟ್ಟಿ ಏಳುತ್ತದೆ.

ಬೆಂಕಿ ಹತ್ತದ ದ್ರವ ಬೇಕೆಂದು ಶ್ರೀಮಂತ ದೇಶಗಳು ಹುಡುಕಿದ ದಾರಿ ಇನ್ನೂ ಪಾಠ ಕಲಿಸುವಂಥದು. ಮೊದಲು ಕಾರ್ಬನ್ ಟೆಟ್ರಾಕ್ಲೋರೈಡ್ ಬಂತು. ಜಿಡ್ಡು ಚೆನ್ನಾಗಿ ಕರಗುತ್ತಿತ್ತು, ತೊಳೆಯುವವನ ಯಕೃತ್ತೂ ಕೆಡುತ್ತಿತ್ತು. ಅದರ ಬದಲಿಗೆ ಟ್ರೈಕ್ಲೋರೋಎಥಿಲೀನ್ ಬಂತು. ಅದು ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2012ರಲ್ಲಿ ತೀರ್ಮಾನಿಸಿತು. ಅದರ ದಾಯಾದಿಯಾದ ಟ್ರೈಕ್ಲೋರೋಎಥೇನ್ ಓಝೋನ್ ಪದರಕ್ಕೆ ಕಂಟಕವೆಂದು ಮಾಂಟ್ರಿಯಲ್ ಒಪ್ಪಂದದ ಪಟ್ಟಿಗೆ ಸೇರಿತು, 1996ರ ಹೊತ್ತಿಗೆ ಮುಂದುವರಿದ ದೇಶಗಳಲ್ಲಿ ತಯಾರಿಕೆ ನಿಂತಿತು. ಇಂಥ ಕ್ಲೋರಿನ್ ದ್ರವಗಳಿಂದ ತೊಳೆದ ಭಾಗ ಒಣಗುವ ಮೊದಲೇ ವೆಲ್ಡಿಂಗ್ ಮಾಡಿದರೆ ಫಾಸ್ಜೀನ್ ಎಂಬ ಮಾರಕ ಅನಿಲ ಹುಟ್ಟಬಹುದು. ಮೊದಲ ಮಹಾಯುದ್ಧದಲ್ಲಿ ಸೈನಿಕರ ಮೇಲೆ ಬಿಟ್ಟದ್ದು ಅದನ್ನೇ.

ಕ್ಲೋರಿನ್ ಬೇಡವೆಂದು ಕ್ಯಾಲಿಫೋರ್ನಿಯಾದಲ್ಲಿ ಹೆಕ್ಸೇನ್ ಬೆರೆತ ಬ್ರೇಕ್ ಸ್ಪ್ರೇಗಳು ಬಳಕೆಗೆ ಬಂದವು. 1999 ಮತ್ತು 2000ದಲ್ಲಿ ಅಲ್ಲಿನ ಕೆಲವು ಮೆಕ್ಯಾನಿಕರಿಗೆ ಕೈಕಾಲು ಜೋಮು ಹಿಡಿಯತೊಡಗಿತು. ಮೊದಲು ಪತ್ತೆಯಾದವನ ವಯಸ್ಸು 24. ದಿನವೂ ಬ್ರೇಕ್ ತೊಳೆಯುತ್ತ ಉಸಿರಿನಲ್ಲಿ, ಚರ್ಮದಲ್ಲಿ ಒಳಹೋದ ಹೆಕ್ಸೇನ್ ದೇಹದಲ್ಲಿ ಬೇರೊಂದು ರಾಸಾಯನಿಕವಾಗಿ ಬದಲಾಗಿ ನರಗಳನ್ನು ಕೆಡಿಸಿತ್ತು. ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2001ರಲ್ಲಿ ಇದನ್ನು ವರದಿ ಮಾಡಿತು. ಗಾಳಿಯನ್ನು ಉಳಿಸಲು ಬದಲಾಯಿಸಿದ ದ್ರವ ಕೆಲಸಗಾರನ ಕೈಗೇ ಹೊಡೆದಿತ್ತು.

ಒಣಗಿಸಿ ಉಜ್ಜುವ ದಾರಿಯೂ ನಿರಪಾಯಿಯಲ್ಲ. ಬೆಂಜಮಿನ್ ಟಿಲ್ಗ್‌ಮನ್ 1870ರಲ್ಲಿ ಪೇಟೆಂಟ್ ಪಡೆದ ಮರಳು ಸಿಡಿಸುವ ಯಂತ್ರ ಯಾವ ತುಕ್ಕನ್ನೂ ಕ್ಷಣದಲ್ಲಿ ತೆಗೆಯುತ್ತದೆ. ಆದರೆ ಪುಡಿಯಾದ ಮರಳು ಸಿಲಿಕೋಸಿಸ್ ತರುತ್ತದೆ. 1949ರಲ್ಲಿ ಬ್ರಿಟನ್ ಈ ಕೆಲಸಕ್ಕೆ ಮರಳು ಬಳಸುವುದನ್ನೇ ನಿಲ್ಲಿಸಿ, ಕಬ್ಬಿಣದ ಗುಂಡಿನಂಥ ಬೇರೆ ಪುಡಿಗಳತ್ತ ತಿರುಗಿತು.

ಮೈ ತೊಳೆಯುವ ಕ್ರಮ

ಇಷ್ಟು ದಾರಿ ನಡೆದ ಮೇಲೆ ಜಗತ್ತು ಬಂದು ನಿಂತಿರುವುದು ತಕ್ಕಮಟ್ಟಿಗೆ ಹಳೆಯ ಜಾಗದಲ್ಲೇ: ನೀರು, ಸೋಪು, ತಾಳ್ಮೆ. ಬಲ್ಲವರ ಕ್ರಮ ಹೀಗಿದೆ. ಬಿಚ್ಚಿದ ಡ್ರಮ್ಮನ್ನೂ ಅದರ ಹಿಂದಿನ ತಟ್ಟೆಯನ್ನೂ ಮೊದಲು ಸೋಪಿನ ನೀರಿನಿಂದ ತೋಯಿಸಬೇಕು. ತೊಯ್ದ ದೂಳು ಹಾರುವುದಿಲ್ಲ. ಕೆಳಗೆ ಇಟ್ಟ ಬಾನಿಯಲ್ಲಿ ನೀರು ಬೀಳಲಿ, ನೆಲಕ್ಕೆ ಚೆಲ್ಲಿ ಒಣಗಿದರೆ ಅದೇ ಪುಡಿ ನಾಳೆ ಮತ್ತೆ ಏಳುತ್ತದೆ. ಜಿಡ್ಡು ಹೋಗುವವರೆಗೂ ತಂತಿ ಬ್ರಷ್ ಮುಟ್ಟಬಾರದು. ಜಿಡ್ಡಿನ ಮೇಲೆ ಉಜ್ಜಿದರೆ ಎಣ್ಣೆ ಗೀರುಗಳೊಳಗೆ ಇಳಿದು ಕೂರುತ್ತದೆ, ಆಮೇಲೆ ಎಷ್ಟು ತೊಳೆದರೂ ಬಿಡದು. ಜಿಡ್ಡು ಹೋದ ಮೇಲೆ ತಂತಿ ಬ್ರಷ್ಷು, ಎಮರಿ ಕಾಗದ.

ಮೂಲೆಗಳಲ್ಲಿ ಉಳಿದ ತುಕ್ಕಿಗೆ ಫಾಸ್ಫಾರಿಕ್ ಆಮ್ಲದ ಲೇಪವಿದೆ. 1906ರಲ್ಲಿ ಬರ್ಮಿಂಗ್‌ಹ್ಯಾಮಿನ ಥಾಮಸ್ ಕಾಸ್ಲೆಟ್ ಇದಕ್ಕೆ ಪೇಟೆಂಟ್ ಪಡೆದಿದ್ದ. ಈ ಆಮ್ಲ ತುಕ್ಕನ್ನು ಕರಗಿಸಿ, ಕಬ್ಬಿಣದ ಮೇಲೆ ಬೂದುಬಣ್ಣದ ಫಾಸ್ಫೇಟ್ ಪೊರೆ ಬಿಡುತ್ತದೆ. ಬಣ್ಣಕ್ಕೆ ಆ ಪೊರೆ ಒಳ್ಳೆಯ ಹಿಡಿತ. ಕಲಾಯಿಯವನ ನವಸಾಗರಕ್ಕೂ ಇದಕ್ಕೂ ಕೆಲಸದಲ್ಲಿ ಹತ್ತಿರದ ಸಂಬಂಧ. ತೊಳೆದು ಚೆನ್ನಾಗಿ ಒಣಗಿಸಿದ ಭಾಗಕ್ಕೆ ಅಂದೇ ಬಣ್ಣ ಹೊಡೆಯಬೇಕು. ಬೆತ್ತಲೆ ಕಬ್ಬಿಣ ಒಂದು ರಾತ್ರಿ ಕಾದರೂ ಕೆಂಪು ತುಕ್ಕು ಮತ್ತೆ ಹುಟ್ಟುತ್ತದೆ. ಶುಚಿಯಾದ ಮೈಯನ್ನು ಬರಿಗೈಯಿಂದ ಮುಟ್ಟುವುದೂ ತಪ್ಪು, ಬೆರಳಿನ ಬೆವರೂ ಜಿಡ್ಡೂ ಅಚ್ಚಾಗಿ ಉಳಿಯುತ್ತವೆ. ಕಲಬುರಗಿಯ ಬೇಸಿಗೆಯಲ್ಲಿ ಇದು ದೊಡ್ಡ ಮಾತೇ.

ಬಣ್ಣ ಎಲ್ಲಿ ಬೇಡ ಎಂಬುದೂ ಇಷ್ಟೇ ಮುಖ್ಯ. ಲೈನರ್ ಉಜ್ಜುವ ಡ್ರಮ್ಮಿನ ಒಳಮೈ, ಪ್ಯಾಡು ಹಿಡಿಯುವ ಡಿಸ್ಕಿನ ಮುಖ, ಪಿಸ್ಟನ್ನು, ರಬ್ಬರು ಇವುಗಳ ಮೇಲೆ ಒಂದು ಹನಿ ಬಣ್ಣವೂ ಬೀಳಬಾರದು. ಬ್ರೇಕು ಹಿಡಿಯುವುದು ಲೋಹಕ್ಕೂ ಲೈನರ್‌ಗೂ ನಡುವಿನ ತಿಕ್ಕಾಟದಿಂದ. ನಡುವೆ ಎಣ್ಣೆಯೋ ಬಣ್ಣವೋ ಬಂದರೆ ಆ ತಿಕ್ಕಾಟ ತಪ್ಪುತ್ತದೆ. ಹೊರಮೈಗೆ ಬಳಿಯುವುದೂ ಕಾವು ತಡೆಯುವ ಬಣ್ಣವೇ ಆಗಿರಬೇಕು. ಘಾಟಿ ಇಳಿಯುವಾಗ ಬ್ರೇಕಿನ ಲೋಹ ನೂರಾರು ಡಿಗ್ರಿ ಕಾಯುತ್ತದೆ, ಗೇಟು ಕಿಟಕಿಯ ಬಣ್ಣ ಅಲ್ಲಿ ಸುಟ್ಟು ಕರಕಲಾಗುತ್ತದೆ.

ಬಿಲ್ಲಿನಲ್ಲಿ ಇಲ್ಲದ ಕೆಲಸ

ಕಲಾಯಿಯ ಕಸುಬು ಈಗ ಬಹಳ ಕುಗ್ಗಿದೆ. ತಾಮ್ರದ ಪಾತ್ರೆಗಳು ಅಟ್ಟ ಸೇರಿದವು, ಕೆಲವು ಮನೆಗಳಲ್ಲಿ ಶೋಕೇಸಿಗೆ ಬಂದವು. ತವರ ತುಟ್ಟಿಯಾದಾಗ ಅದಕ್ಕೆ ಸೀಸ ಬೆರೆಸುವ ಕಳ್ಳ ದಾರಿ ಈ ಕಸುಬಿಗೆ ಕೆಟ್ಟ ಹೆಸರನ್ನೂ ತಂದಿತು. ಆದರೆ ಅದರ ಮೂಲಪಾಠ ಗ್ಯಾರೇಜಿನಲ್ಲಿ ಉಳಿದಿದೆ. ಕಲಾಯಿಯವನ ಕೂಲಿ ಪಾತ್ರೆಯ ಹೊಳಪಿಗೆ ಸಿಗುತ್ತಿತ್ತು. ಒಳಗೆ ನಿಂತು ತಿಕ್ಕಿದವನ ಬೆವರನ್ನು ಯಾರೂ ಬೇರೆಯಾಗಿ ಎಣಿಸುತ್ತಿರಲಿಲ್ಲ. ಗ್ಯಾರೇಜಿನ ಬಿಲ್ಲಿನಲ್ಲಿಯೂ ಲೈನರ್ ಇಷ್ಟು, ಬಣ್ಣ ಇಷ್ಟು ಎಂದು ಬರೆಯುತ್ತಾರೆ. ಪುಡಿ ತೊಳೆದದ್ದು ಅದರಲ್ಲಿ ಕಾಣುವುದಿಲ್ಲ. ಆ ಕೆಲಸ ಹೆಚ್ಚಾಗಿ ಬೀಳುವುದು ಹೊಸದಾಗಿ ಸೇರಿದ, ಎಲ್ಲರಿಗಿಂತ ಚಿಕ್ಕ ಹುಡುಗನ ಪಾಲಿಗೆ. ಮುಂದೆ ಉಸಿರಾಡಬೇಕಾದ ವರ್ಷಗಳು ಹೆಚ್ಚು ಇರುವುದೂ ಅವನಿಗೇ.

ಗಾಡಿಯ ಯಜಮಾನ ಇದರಲ್ಲಿ ಮಾಡಬಹುದಾದದ್ದು ದೊಡ್ಡದೇನೂ ಅಲ್ಲ. ಕಲ್ನಾರಿಲ್ಲದ ಲೈನರ್ ಹಾಕಿ ಎಂದು ಕೇಳಬಹುದು. ಹವಾ ಹೊಡೆಯಬೇಡಿ, ನೀರಿನಿಂದ ತೊಳೆಯಿರಿ, ತಡವಾದರೂ ಆಗಲಿ ಎನ್ನಬಹುದು. ಆ ತಡಕ್ಕೆ ತಕ್ಕ ಹಣವನ್ನು ಚೌಕಾಸಿಯಿಲ್ಲದೆ ಕೊಡಬಹುದು. ಗ್ಯಾರೇಜಿನ ಮಾಲೀಕ ಒಂದು ಬಾನಿ, ಸೋಪು, ಕೈಗವಸು, ಬಾಯಿಗೆ ಒಳ್ಳೆಯ ಮಾಸ್ಕು, ಕೆಲಸದ ಬಟ್ಟೆ ಬಿಚ್ಚಿಟ್ಟು ಹೋಗಲು ಒಂದು ಗೂಟ ಒದಗಿಸಬಹುದು. ಕಡೆಯದನ್ನು ಸಣ್ಣದೆಂದು ಬಿಡುವಂತಿಲ್ಲ. ಕಲ್ನಾರು ಕೆಲಸಗಾರರ ಬಟ್ಟೆ ಒಗೆದ ಹೆಂಡತಿಯರಿಗೂ ಆ ರೋಗ ಬಂದದ್ದು ಹಲವು ದೇಶಗಳ ವೈದ್ಯಕೀಯ ದಾಖಲೆಗಳಲ್ಲಿದೆ. ಡ್ರಮ್ಮಿನಿಂದ ತೆಗೆದ ಕೊಳೆ ಹುಡುಗನ ಅಂಗಿಯ ಜೊತೆ ಅವನ ತಾಯಿಯ ಒಗೆಯುವ ಕಲ್ಲಿನವರೆಗೂ ಹೋಗದಂತೆ ನೋಡಿಕೊಂಡಾಗ ಮಾತ್ರ ಆ ಬ್ರೇಕನ್ನು ಸರಿಯಾಗಿ ತೊಳೆದಂತಾಗುತ್ತದೆ.